ಹಿತ್ತಲಿಗೆ ಹೋದ ಚಟ್ಟಿ

ಮೇ ತಿಂಗಳು ಪೂರ್ತಿ ಅಮ್ಮನನ್ನು ಸಮುದ್ರದ ಹತ್ತಿರ ಇಟ್ಟುಕೊಳ್ಳಬೇಕು ಎಂದು ಹೊರಟವಳು ನಾನೇ. ನನ್ನಮ್ಮ ರತ್ನಮ್ಮ ನಂಜನಗೂಡಿನ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಪಾಠ ಮಾಡಿ ಈ ಮಾರ್ಚಿನಲ್ಲಿ ನಿವೃತ್ತಳಾದಳು. ಸಮುದ್ರವನ್ನು ಅವಳು ನೋಡಿದ್ದು ಒಂದೇ ಸಲ, ಅದೂ ಶಾಲೆಯ ಪ್ರವಾಸದಲ್ಲಿ, ಐವತ್ತು ಮಕ್ಕಳ ತಲೆ ಎಣಿಸುತ್ತಾ. "ಈ ಸಲ ತಲೆ ಎಣಿಸದೆ ನೋಡ್ಬೇಕು ಕಣೆ ಕಲ್ಯಾಣಿ" ಅಂದಿದ್ದಳು.

ನಾನಿರುವುದು ತಿರುವನಂತಪುರದ ಕಳಕ್ಕೂಟಂನಲ್ಲಿ, ಐಟಿ ಪಾರ್ಕಿನ ಹತ್ತಿರದ ಫ್ಲಾಟಿನಲ್ಲಿ, ಇನ್ನೂ ಮೂವರು ಹುಡುಗಿಯರ ಜೊತೆ. ಅಲ್ಲಿ ಅಮ್ಮ ಕಾಲು ಚಾಚಲೂ ಜಾಗವಿಲ್ಲ. ಒಂದು ತಿಂಗಳು ಕೊಚ್ಚಿಯ ಎರ್ನಾಕುಲಂ ಆಫೀಸಿನಿಂದ ಕೆಲಸ ಮಾಡಬಹುದು ಎಂದು ಮ್ಯಾನೇಜರ್ ಒಪ್ಪಿದ ಮೇಲೆ ಮನೆ ಹುಡುಕುವ ತಾಪತ್ರಯವೂ ಇರಲಿಲ್ಲ. ಕೊಚ್ಚಿಗೆ ಅಂಟಿಕೊಂಡ ವೈಪಿನ್ ದ್ವೀಪದಲ್ಲಿ ಫಿಲೋಮಿನಾ ಚೇಚ್ಚಿಯ, ಅಂದರೆ ಫಿಲೋಮಿನಾ ಅಕ್ಕನ, ಮನೆಯಿದೆ. ಹಿಂದೆ ಹಿನ್ನೀರು, ಹತ್ತು ನಿಮಿಷ ನಡೆದರೆ ಕಡಲು. ಬಂದವರಿಗೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಅಡುಗೆಮನೆ ಮಾತ್ರ ಎಲ್ಲರಿಗೂ ಒಂದೇ.

ಡಿಸೆಂಬರಿನಲ್ಲಿ ನಮ್ಮ ಟೀಮಿನ ಐದು ಜನ ಅಲ್ಲಿ ಎರಡು ದಿನ ಇದ್ದು ಬಂದಿದ್ದೆವು. ಆ ಎರಡು ದಿನದ ವಿಷಯ ಅಮ್ಮನಿಗೆ ಗೊತ್ತಿಲ್ಲ, ಯಾಕೆಂದರೆ ನಾನು ಮೀನು ತಿನ್ನುವುದು ಅಮ್ಮನಿಗೆ ಗೊತ್ತಿಲ್ಲ. ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಕೇರಳಕ್ಕೆ ಬಂದ ಮೂರನೇ ತಿಂಗಳು, ಶ್ರೀಕಾರ್ಯಂನ ಹಾಸ್ಟೆಲಿನಲ್ಲಿದ್ದಾಗ, ಗೆಳತಿಯ ತಟ್ಟೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಆಮೇಲೆ ಬಿಡಲಿಲ್ಲ. ಚೇಚ್ಚಿಯ ಮನೆಯಲ್ಲಂತೂ ಬೇಯಿಸಿದ ಮರಗೆಣಸಿನ ಜೊತೆ ಕೆಂಪಗಿನ ಮತ್ತಿ ಮೀನಿನ ಸಾರನ್ನು ಮೂರು ಸಲ ಬಡಿಸಿಕೊಂಡು, ಬೆರಳು ಚೀಪಿದ್ದೆ. ಮುಳ್ಳು ಬಿಡಿಸಲು ಬಾರದ ನನ್ನ ತಟ್ಟೆಯನ್ನು ಚೇಚ್ಚಿಯ ಗಂಡ ಔಸೇಪ್ ಚೇಟ್ಟನ್, ಅಂದರೆ ಔಸೇಪಣ್ಣ, ತಮ್ಮ ಕಡೆ ಎಳೆದುಕೊಂಡು, ತಾವೇ ಮುಳ್ಳು ತೆಗೆದು ಕೊಟ್ಟಿದ್ದರು.

ಅದೇ ಚೇಚ್ಚಿಗೆ ನಾನು ಮಾರ್ಚಿನಲ್ಲಿ, ಫೋನಿನಲ್ಲೇ ಮಲಯಾಳಂಗೆ ಅನುವಾದಿಸಿ, ಮೆಸೇಜು ಕಳಿಸಿದೆ. ಅಮ್ಮ ಶುದ್ಧ ಸಸ್ಯಾಹಾರಿ, ಆದ್ದರಿಂದ ಆ ತಿಂಗಳು ಮನೆಯಲ್ಲಿ ಮೀನು, ಮಾಂಸ ಬೇಯಿಸಬಾರದು, ನಮಗೆ ಹೊಸ ಪಾತ್ರೆಗಳೇ ಬೇಕು, ಫ್ರಿಜ್ ಖಾಲಿ ಮಾಡಿ ತೊಳೆದಿರಬೇಕು. ಹೀಗೆ ಉದ್ದಕ್ಕೆ ಬರೆದು, ಕೊನೆಗೆ ಇನ್ನೊಂದು ಸೇರಿಸಿದೆ: ನಾನು ಮೊದಲು ಬಂದಿದ್ದೆ ಅನ್ನುವುದನ್ನು ಅಮ್ಮನ ಎದುರು ಹೇಳಬೇಡಿ. ಮರುದಿನ ಉತ್ತರ ಬಂತು, ಮಗಳೇ ಎಂದು ಕರೆದೇ. "ಒಂದು ತಿಂಗಳು ತಾನೇ. ಆಗಲಿ ಮೋಳೇ."

ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ನನಗೆ ಖುಷಿಯಾಗಿತ್ತು. ನನ್ನ ಪಕ್ಕದ ಸೀಟಿನ ಅಲ್ವಿನ್‌ಗೆ ತೋರಿಸಿದೆ. ಅವನು ಮಂಜೇಶ್ವರದವನು, ಡಿಸೆಂಬರಿನ ಆ ಪ್ರವಾಸ ಏರ್ಪಡಿಸಿದವನೂ ಅವನೇ.

"ಅಲ್ಲ ಮಾರಾಯ್ತಿ, ಮೂರು ಸರ್ತಿ ಬಡಿಸಿಕೊಂಡು ತಿಂದವಳು ನೀನು. ಈಗ ಅವರಿಗೆ ಅವರ ಮನೆಯಲ್ಲೇ ಮೀನು ಮಾಡ್ಬೇಡಿ ಅಂತ ಹೇಳುದಾ? ನಿನ್ನ ಅಮ್ಮ ಹಾಗೆ ಹೇಳಿದ್ರಾ?"

"ಹೇಳ್ಬೇಕಾ? ನನ್ನಮ್ಮ ನನಗೆ ಗೊತ್ತಿಲ್ವಾ?"

"ಗೊತ್ತುಂಟಾದ್ರೆ ಆಯ್ತು" ಎಂದು ಅವನು ಕಂಪ್ಯೂಟರಿನ ಕಡೆ ತಿರುಗಿಕೊಂಡ.

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವನು ಸರಿಯಾದ ಜಾಗಕ್ಕೇ ಕೈಹಾಕಿದ್ದರಿಂದ. ಅಮ್ಮ ಏನೂ ಹೇಳಿರಲಿಲ್ಲ. ಭಯವಿದ್ದದ್ದು ನನಗೆ. ಆ ಮನೆಯಲ್ಲಿ ಮೀನು ಬೆಂದರೆ ಚೇಚ್ಚಿ ರೂಢಿಯಂತೆ ನನ್ನ ತಟ್ಟೆಗೆ ಒಂದು ತುಂಡು ಹಾಕಿಬಿಡುತ್ತಾರೆ, "ಮೋಳ್‌ಗೆ ಇಷ್ಟ ಅಲ್ವಾ" ಅಂದುಬಿಡುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಆದ್ದರಿಂದ ಮನೆಯಿಂದ ಮೀನನ್ನೇ ಎತ್ತಂಗಡಿ ಮಾಡಿಸಿದ್ದೆ.

ಏಪ್ರಿಲಿನ ಒಂದು ಶನಿವಾರ, ಅಮ್ಮನ ಕೋಣೆ ನೋಡಿ ಬರೋಣವೆಂದು ಬೆಳಗಿನ ರೈಲು ಹತ್ತಿ ಎರ್ನಾಕುಲಂನಲ್ಲಿ ಇಳಿದು, ವೈಪಿನ್ ಬಸ್ಸು ಹಿಡಿದೆ. ತಲುಪಿದಾಗ ಊಟದ ಹೊತ್ತು. ಚೇಚ್ಚಿ ಮೊದಲು ಕರೆದುಕೊಂಡು ಹೋದದ್ದು ಅಡುಗೆಮನೆಗೆ. ಗೋಡೆಗೆ ಹೊಸ ಸುಣ್ಣ. ಶೆಲ್ಫಿನಲ್ಲಿ ಸ್ಟಿಕ್ಕರು ಕೀಳದ ಸ್ಟೀಲು ಪಾತ್ರೆಗಳು. ಫ್ರಿಜ್ಜಿನ ಬಾಗಿಲು ತೆಗೆದು, "ತಲೆ ಹಾಕಿ ಮೂಸಿ ನೋಡು ಮೋಳೇ. ನಾಲ್ಕು ಸಲ ನಿಂಬೆಹಣ್ಣು ಹಾಕಿ ಉಜ್ಜಿದ್ದೇನೆ" ಅಂದರು. ನನ್ನ ಮಲಯಾಳಂ ತರಕಾರಿ ಅಂಗಡಿಗಷ್ಟೇ ಸಾಕಾಗುವಂಥದ್ದು, ಆದರೂ ಅದು ಅರ್ಥವಾಯಿತು. ನಾನು ನಿಜವಾಗಿಯೂ ತಲೆ ಹಾಕಿ ಮೂಸಿದೆ. ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರರ ಹಾಗೆ! ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಆಗಲೇ ಹಿತ್ತಲ ಕಡೆಯಿಂದ ಘಮ ಬಂತು. ಅದೇ ಡಿಸೆಂಬರಿನ ಘಮ. ಹಿಂಬಾಗಿಲಿಂದ ಮೂರು ಮೆಟ್ಟಿಲು ಇಳಿದೆ. ತೆಂಗಿನಮರಕ್ಕೆ ಕಟ್ಟಿದ ನೀಲಿ ಟಾರ್ಪಾಲಿನ ಕೆಳಗೆ ಮೂರು ಇಟ್ಟಿಗೆಯ ಒಲೆ, ಒಲೆಯ ಮೇಲೆ ಕಪ್ಪು ಮಣ್ಣಿನ ಚಟ್ಟಿ. ಪಕ್ಕದಲ್ಲಿ ಔಸೇಪ್ ಚೇಟ್ಟನ್ ಮಣೆ ಹಾಕಿಕೊಂಡು ಊಟಕ್ಕೆ ಕೂತಿದ್ದರು. ಹಿಂದೊಮ್ಮೆ ದೋಣಿಯಲ್ಲಿ ಪೆಟ್ಟಾಗಿ ಅವರ ಬಲಗಾಲು ಮಡಚುವುದಿಲ್ಲ. ಅದನ್ನು ಬಿಸಿಲಿಗೆ ನೀಡಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ನನ್ನನ್ನು ನೋಡಿದ್ದೇ ತಡ, ಏಳಲು ಹೋದರು. ಆಗಲಿಲ್ಲ. ತಟ್ಟೆಯನ್ನು ಸರ್ರನೆ ಬೆನ್ನ ಹಿಂದೆ ಸರಿಸಿ, ಮೇಲೊಂದು ಬಾಳೆಲೆ ಮುಚ್ಚಿದರು.

"ಗಾಳಿ ನೀರಿನ ಕಡೆ ಬೀಸುತ್ತದೆ, ಮನೆಯೊಳಗೆ ಬರುವುದಿಲ್ಲ" ಅಂದರು. "ವಾಸನೆ ಬಂತಾ?"

ಎಪ್ಪತ್ತು ದಾಟಿದ ಮನುಷ್ಯ, ತನ್ನ ಹಿತ್ತಲಲ್ಲಿ, ತನ್ನ ಅನ್ನವನ್ನು ನನ್ನಿಂದ ಬಚ್ಚಿಟ್ಟರು. ನನಗೆ ಮುಳ್ಳು ಬಿಡಿಸಿಕೊಟ್ಟ ಕೈಯಲ್ಲೇ. ನನಗಾದ ನಾಚಿಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಯಾಕೆ ಚೇಚ್ಚಿ, ಈಗಲೇ ಯಾಕೆ? ಅಮ್ಮ ಬರಲು ಇನ್ನೂ ಎರಡು ವಾರ ಇದೆಯಲ್ಲ" ಎಂದು, ಹಿಂದೆಯೇ ಇಳಿದು ಬಂದ ಚೇಚ್ಚಿಯನ್ನು ಕೇಳಿದೆ.

"ಮಣ್ಣಿನ ಚಟ್ಟಿ ಒಳಗಿದ್ದರೆ ವಾಸನೆ ಬೇಗ ಹೋಗುವುದಿಲ್ಲ ಮೋಳೇ. ಅದಕ್ಕೆ ಹೋದ ವಾರವೇ ಹೊರಗೆ ತಂದೆವು. ಮಳೆ ಬಂದರೆ ಸ್ವಲ್ಪ ಕಷ್ಟ, ಅಷ್ಟೇ. ಇವರಿಗೆ ಮೆಟ್ಟಿಲು ಇಳಿಯುವುದು ನಿಧಾನ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಅಮ್ಮ.

"ಮನೆ ನೋಡಿದ್ಯೇನೆ? ಗಾಳಿ ಬೆಳಕು ಚೆನ್ನಾಗಿದ್ಯಾ? ನೋಡು, ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಅವರು ಕಡಲಿನ ಜನ, ಮೀನು ಮಾಡ್ತಾರೆ ತಾನೇ? ನಾನು ಒಂದು ಕುಕ್ಕರು, ಎರಡು ಪಾತ್ರೆ ತಂದ್ಕೋತೀನಿ. ಒಂದು ಮೂಲೇಲಿ ಅನ್ನ ಸಾರು ಮಾಡ್ಕೊಂಡ್ರೆ ಮುಗೀತು. ನನಗೋಸ್ಕರ ಅವರು ಏನೂ ಬಿಡ್ಬಾರ್ದು. ನೀನು ಹಾಗೇನೂ ಹೇಳಿಲ್ಲ ತಾನೇ?"

"ಇಲ್ಲಮ್ಮ" ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

"ಫೋನ್ ಅವರಿಗೆ ಕೊಡು. ನಾನೇ ಒಂದು ಮಾತು ಹೇಳ್ತೀನಿ."

ಸ್ಪೀಕರ್ ಹಾಕಿ ಚೇಚ್ಚಿಯ ಮುಂದೆ ಹಿಡಿದೆ. ಅಮ್ಮ ತನ್ನ ಕ್ಲಾಸಿನ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದಳು: "ಮೇಡಂ, ಫಿಶ್ ಕುಕಿಂಗ್, ನೋ ಪ್ರಾಬ್ಲಂ. ಯುವರ್ ಹೌಸ್. ಯು ಕುಕ್, ಯು ಈಟ್."

ಚೇಚ್ಚಿ ನನ್ನ ಮುಖ ನೋಡಿದರು. ಆಗ ನಾನು ಮಾಡಿದ್ದನ್ನು ಹೇಳಲೇಬೇಕು. ಬೇಡ ಎಂಬಂತೆ ತಲೆಯಾಡಿಸಿದೆ. ಕಣ್ಣಲ್ಲೇ ಅಂಗಲಾಚಿದೆ.

"ನೋ ಟೀಚರ್" ಅಂದರು ಚೇಚ್ಚಿ. "ವಿ ನೋ ಫಿಶ್. ದಿಸ್ ಹೌಸ್, ಓನ್ಲಿ ವೆಜ್."

ಅವರ ಹಿಂದೆ ಚಟ್ಟಿ ಕೊತಕೊತ ಕುದಿಯುತ್ತಿತ್ತು. ಹುಟ್ಟಿದಾಗಿನಿಂದ ಮೀನು ಹಿಡಿದ, ಮೀನು ತಿಂದ ಔಸೇಪ್ ಚೇಟ್ಟನ್ ಹೆಂಡತಿಯ ಕಡೆ ಒಮ್ಮೆ ನೋಡಿದರು. ಅಷ್ಟು ಇಂಗ್ಲಿಷ್ ಅವರಿಗೂ ಅರ್ಥವಾಗಿತ್ತು. ತಲೆ ತಗ್ಗಿಸಿ ನೆಲ ನೋಡುತ್ತಾ ಕುಳಿತರು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಅವರು ಸುಳ್ಳು ಹೇಳ್ತಿದಾರೆ" ಅಂದೆ. "ನನ್ನ ಮರ್ಯಾದೆ ಉಳಿಸೋಕೆ. ಮೀನು ಮಾಡ್ಬೇಡಿ ಅಂತ ನಾನೇ ಬರ್ದಿದ್ದೆ. ಒಲೆ ಹಿತ್ತಲಿಗೆ ಹಾಕ್ಕೊಂಡಿದಾರೆ. ಅವರ ಯಜಮಾನ್ರು ಬಿಸಿಲಲ್ಲಿ ಕೂತು ಊಟ ಮಾಡ್ತಿದಾರೆ. ನಾನು ಮೀನು ತಿಂತೀನಮ್ಮ. ಈ ಮನೇಲೂ ತಿಂದಿದೀನಿ. ನಿನಗೆ ಗೊತ್ತಾಗ್ಬಾರ್ದು ಅಂತ ಇಷ್ಟೆಲ್ಲಾ ಮಾಡ್ದೆ."

ಫೋನ್ ಕಟ್ಟಾಯಿತೇನೋ ಎಂದು ನೋಡಿದೆ. ಸೆಕೆಂಡುಗಳು ಓಡುತ್ತಲೇ ಇದ್ದವು.

"ಎಷ್ಟು ದಿನದಿಂದ?"

"ಎರಡು ವರ್ಷ."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಿನ್ನ ಬಾಯಿ ನಿಂದು. ನನಗೆ ಬೇಜಾರಾಯ್ತು, ಅದನ್ನ ನಾನು ನೋಡ್ಕೋತೀನಿ. ಆದ್ರೆ ಇನ್ನೊಬ್ಬರ ಒಲೆ ಎತ್ತಿಸೋಕೆ ನೀನ್ಯಾರೆ? ಅದೂ ನನ್ನ ಹೆಸರು ಹೇಳಿ?"

ನಾನು ಬಗ್ಗಿ, ಒಲೆಯಿಂದ ಉರಿಯುವ ಸೌದೆಯನ್ನು ಹೊರಗೆಳೆದೆ.

"ನಾನು ಬರೋದು ಒಂದನೇ ತಾರೀಕಿಗೆ. ಅಷ್ಟರಲ್ಲಿ ಆ ಒಲೆ ಒಳಗಿರ್ಬೇಕು. ಇಲ್ದಿದ್ರೆ ನಾನು ಬರಲ್ಲ." ಫೋನ್ ಇಟ್ಟಳು.

"ಟೀಚರ್ ಏನಂದರು?" ಎಂದು ಚೇಚ್ಚಿ ಕೇಳಿದರು. ನನ್ನ ಹರಕು ಮಲಯಾಳಂನಲ್ಲಿ ಎಲ್ಲವನ್ನೂ ಹೇಳಿದೆ, ಬೈಗುಳವನ್ನೂ ಬಿಡದೆ. ಅವರು ನಗಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಮಸಿಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಬಿಸಿ ಚಟ್ಟಿಯನ್ನು ಹಿಡಿದು ನಾನು ಮೂರು ಮೆಟ್ಟಿಲು ಹತ್ತಿದೆ, ಹೊಸ ಸುಣ್ಣದ ಅಡುಗೆಮನೆಯಲ್ಲಿ ಅದರ ಹಳೆಯ ಜಾಗದಲ್ಲಿಟ್ಟೆ. ಹಿಂದೆಯೇ ಔಸೇಪ್ ಚೇಟ್ಟನ್ ತಟ್ಟೆ ಹಿಡಿದು, ಒಂದು ಕೈಯಲ್ಲಿ ಗೋಡೆ ಸವರುತ್ತಾ ನಿಧಾನವಾಗಿ ಬಂದರು. ಮೇಜಿನ ಮುಂದೆ ಕೂತು, ನನಗೂ ಒಂದು ತಟ್ಟೆ ಎಳೆದು, ಒಂದು ಮೀನು ಹಾಕಿದರು. ಕೇಳದೆಯೇ ಮುಳ್ಳು ಬಿಡಿಸತೊಡಗಿದರು.

"ಬೇಡ ಚೇಟ್ಟಾ, ನಾನೇ ತೆಗೀತೀನಿ" ಅಂದೆ. ನನಗಿನ್ನೂ ಸರಿಯಾಗಿ ಬರುತ್ತಿರಲಿಲ್ಲ. ತಲೆ ಎತ್ತದೆ, ಒಂದೊಂದೇ ಮುಳ್ಳು ತೆಗೆಯುತ್ತಾ ಬಹಳ ಹೊತ್ತು ಕೂತಿದ್ದೆ.