ಉದಾಹರಣೆಗೆ ಕೊಟ್ಟ ವಿಳಾಸ

ಪರದೆಯ ಮೇಲೆ ಮುನ್ನೂರ ಹನ್ನೆರಡು ಎಂದಿತ್ತು. ಅವಳು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಮುನ್ನೂರ ಹನ್ನೆರಡೇ. ಕಳೆದ ಮೂರು ವರ್ಷಗಳಲ್ಲಿ ಅದು ದಿನಕ್ಕೆ ಒಂದನ್ನು ದಾಟಿದ್ದಿಲ್ಲ. ಆ ಒಂದು ಅವಳೇ.

ಅವಳ ತಮ್ಮ ಮನೆ ಬಿಟ್ಟು ಹೋಗಿ ಮೂರು ವರ್ಷವಾಗಿತ್ತು. "ಗೀಚೋದು ಬಿಟ್ಟು ಏನಾದ್ರೂ ಕೆಲಸ ನೋಡ್ಕೋ" ಎಂದವಳು ಅವಳೇ. ಅವನ ಫೋನ್ ಸತ್ತಿತು, ಗೆಳೆಯರು ಕೈ ಚೆಲ್ಲಿದರು, ಪೊಲೀಸರು ಕಡತ ಕಟ್ಟಿಟ್ಟರು. ಉಳಿದದ್ದು ಒಂದು ಚಿತ್ರ ಮಾತ್ರ. ಹೋಗುವ ಮುಂಚೆ ಅವನು ಅಮ್ಮನ ಹೊಲಿಗೆ ಯಂತ್ರವನ್ನು ಬರೆದು ಬ್ಲಾಕ್‌ಚೈನಿಗೆ ಹಾಕಿದ್ದ. ಯಾರೂ ಅಳಿಸಲಾಗದ, ಎಲ್ಲರೂ ನೋಡಬಹುದಾದ ದಾಖಲೆ ಅದು. ಅಲ್ಲಿನ ಅವನ ವಿಳಾಸ, ಅಂಕಿ ಅಕ್ಷರ ಕಲಸಿದ ನಲವತ್ತೆರಡರ ಸಾಲು, ಅವಳಿಗೆ ಬಾಯಿಪಾಠವಾಗಿತ್ತು. ಚಿತ್ರವನ್ನು ಅಲ್ಲಿಂದ ಕದಲಿಸಲು ಅವನೊಬ್ಬನಿಗೇ ಸಾಧ್ಯ. ಕದಲಿದರೆ ಬದುಕಿದ್ದಾನೆ ಎಂದರ್ಥ. ಹಾಗಾಗಿ ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಅಂಥ ದಾಖಲೆಗಳನ್ನು ಹುಡುಕಲು ತನ್ನ ಕಚೇರಿಯವರು ಮಾಡಿದ ಸಾಧನದಲ್ಲಿ ಆ ವಿಳಾಸ ಹಾಕಿ ನೋಡುತ್ತಿದ್ದಳು. ಚಿತ್ರ ಇದ್ದಲ್ಲೇ ಇರುತ್ತಿತ್ತು. ಪಕ್ಕದಲ್ಲಿ ಸಣ್ಣಗೆ, 'ಇಂದು ನೋಡಿದವರು: ಒಂದು.'

ಆ ಸಾಧನಕ್ಕೆ ಕೈಪಿಡಿ ಬರೆಯುವುದೇ ಅವಳ ಉದ್ಯೋಗ. ಒಂದು ಅಲ್ಪವಿರಾಮ ತಪ್ಪಿದರೂ ಬಿಡದವಳೆಂದು ಕಚೇರಿಯಲ್ಲಿ ಅವಳಿಗೆ 'ಅಡಿಟಿಪ್ಪಣಿ' ಎಂದೇ ಹೆಸರು. ಹದಿನಾರು ವರ್ಷ ಮನುಷ್ಯರಿಗಾಗಿ ಬರೆದಳು. ಪುಣ್ಯಾತ್ಮರು ಒಬ್ಬರೂ ಓದಲಿಲ್ಲ. ಈಗ ಎಐ ಏಜೆಂಟುಗಳಿಗೆ, ಅಂದರೆ ಜನರ ಪರವಾಗಿ ತಾವೇ ಹುಡುಕಿ ಉತ್ತರ ತರುವ ಯಂತ್ರಗಳಿಗೆ, ಬರೆಯಬೇಕಿತ್ತು. ಅವು ಒಂದಕ್ಷರ ಬಿಡದೆ ಓದುತ್ತವಂತೆ. ಆ ಪುಟವನ್ನು ಹೋದ ವಾರವಷ್ಟೇ ಬರೆದುಕೊಟ್ಟು ಕೈ ತೊಳೆದುಕೊಂಡಿದ್ದಳು.

ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಅಮ್ಮಾ, ಅವನ ಚಿತ್ರ ಯಾರೋ ನೋಡ್ತಿದಾರೆ. ಒಬ್ಬಿಬ್ರಲ್ಲ, ಮುನ್ನೂರು ಸಲ!"

ಯಾರದೋ ಪ್ಯಾಂಟಿಗೆ ಜಿಪ್ಪು ಕೂರಿಸುತ್ತಿದ್ದ ಅಮ್ಮನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ನಿಂತಿತು. "ಹೆಸರು ಬಂದಿರ್ಬೇಕು ಅವನಿಗೆ. ಎಲ್ಲೋ ಪ್ರದರ್ಶನ ಇಟ್ಟಿದಾನೆ."

"ಇರಬಹುದು."

"ಇರಬಹುದು ಏನು ಬಂತು, ಹಾಗೇ! ಇಲ್ಲಾಂದ್ರೆ ನನ್ನ ಈ ಡಕೋಟಾ ಮಿಷಿನ್ನು ನೋಡೋಕೆ ಯಾರಿಗೆ ತಲೆ ಕೆಟ್ಟಿದೆ?"

ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಮರುದಿನ ಲೆಕ್ಕ ಸಾವಿರ ದಾಟಿತು. ಅಮ್ಮ ತಮ್ಮನ ಕೋಣೆಯ ಬಾಗಿಲು ತೆಗೆದು, ಹಾಸಿಗೆ ಬಿಸಿಲಿಗೆ ಹಾಕಿದಳು. ಅವಳೂ ಸುಮ್ಮನಿರದೆ ಕಿಟಕಿಯ ಜೇಡರ ಬಲೆ ತೆಗೆದಳು.

ಗುರುವಾರ, ಸಾಧನದ ಕೋಡ್ ಬರೆಯುವ ಗಡ್ಡದವನು ಅವಳ ಮೇಜಿನ ಬಳಿ ಬಂದು ನಿಂತ. "ಅಡಿಟಿಪ್ಪಣಿ ಮೇಡಂ, ಏಜೆಂಟುಗಳ ಪುಟದಲ್ಲಿ ಉದಾಹರಣೆ ಅಂತ ಯಾರ ವಿಳಾಸ ಹಾಕಿದೀರಿ?"

"ಯಾಕೆ?"

"ಜನ ವಿಳಾಸ ಹೇಳೋಕೆ ಮರೆತ್ರೆ ಸಾಕು, ಈ ಏಜೆಂಟುಗಳು ನಿಮ್ಮ ಉದಾಹರಣೇಲಿ ಇರೋದನ್ನೇ ಎತ್ಕೊಂಡು ಹುಡುಕಿಬಿಡ್ತವೆ. ಬರೀ ಗಿಳಿಪಾಠ. ಇವತ್ತು ಆಗಲೇ ನಾಲ್ಕು ಸಾವಿರ ಸಲ ಆಯ್ತು."

"ಅದರಲ್ಲಿ ಮನುಷ್ಯರು ಯಾರೂ ಇಲ್ವಾ?"

"ಒಬ್ರು ಇದಾರೆ. ದಿನಾ ಒಂಬತ್ತೂ ಹತ್ತಕ್ಕೆ, ನಮ್ಮ ಕಚೇರಿಯಿಂದಲೇ!" ಅವನು ಗಹಗಹಿಸಿ ನಕ್ಕ. "ಬರೀ ಸೊನ್ನೆ ಹಾಕ್ಬಿಡಿ ಮೇಡಂ. ಅದು ಯಾರ ವಿಳಾಸಾನೂ ಅಲ್ಲ."

ಉದಾಹರಣೆಗೆ ಒಂದೇ ಒಂದು ಸ್ವತ್ತಿರುವ ವಿಳಾಸ ಬೇಕಾಗಿತ್ತು, ಬೆರಳಿಗೆ ಬಂದ ತಮ್ಮನ ವಿಳಾಸವನ್ನೇ ಬರೆದಿದ್ದಳು. ಅಷ್ಟೇ ಅಲ್ಲ, ಸುಳ್ಳೇಕೆ ಹೇಳಬೇಕು? ಅವನದೆಂಬುದು ಎಲ್ಲಾದರೂ ಒಂದು ಕಡೆ ಬರೆದಿರಲಿ ಎಂಬ ಆಸೆಯೂ ಇತ್ತು. ಹದಿನಾರು ವರ್ಷ ಬೇರೆಯವರ ತಪ್ಪು ಹೆಕ್ಕಿದವಳಿಗೆ ತನ್ನದು ಕಾಣಲಿಲ್ಲ. ಒಂದೊಂದೇ ಅಕ್ಷರ ಅಳಿಸಿ ಒಂದೊಂದೇ ಸೊನ್ನೆ ಹಾಕಿದಳು. ಅಳು ಬಂತು, ಮುಖ ತೊಳೆದುಕೊಂಡು ಬಂದು ಪುಟವನ್ನು ಮತ್ತೆ ಪ್ರಕಟಿಸಿದಳು.

ಲೆಕ್ಕ ಇನ್ನೂರಕ್ಕಿಳಿಯಿತು, ಆಮೇಲೆ ಹದಿನೇಳು, ಆಮೇಲೆ ನಾಲ್ಕು. ಅಮ್ಮನಿಗೆ ಹೇಳಬೇಕೆಂದು ದಿನಾ ಹೊರಡುವಳು. ಬಾಗಿಲ ಹತ್ತಿರ ಬರುತ್ತಲೇ ಬೇರೇನೋ ಮಾತು ತೆಗೆಯುತ್ತಿದ್ದಳು.

ಮುಂದಿನ ಬುಧವಾರ ಅವಳು ಮನೆಗೆ ಬಂದಾಗ ಅಮ್ಮ ತಮ್ಮನ ಮಂಚದ ಮೇಲೆ ಕುಳಿತು ದಿಂಬಿಗೆ ಹೊಸ ಗವುಸು ಹೊಲಿಯುತ್ತಿದ್ದಳು.

"ಇವತ್ತು ಎಷ್ಟು ಜನ ನೋಡಿದ್ರೇ?"

ಇವತ್ತು ಹೇಳಿಯೇ ಬಿಡುವುದೆಂದು ಅವಳು ಅಮ್ಮನ ಪಕ್ಕ ಕುಳಿತಳು. "ಒಬ್ರು."

ಅಮ್ಮನ ಸೂಜಿ ನಿಂತಿತು. "ಒಬ್ರೇನಾ?"

"ಹೂಂ ಅಮ್ಮ. ಒಬ್ರೇ."

"ಹಾಗಾದ್ರೆ ಅವನೇ," ಎಂದಳು ಅಮ್ಮ. "ಬೇರೆಯವರೆಲ್ಲ ನೋಡಿ ಮರೀತಾರೆ. ಅವನು ದಿನಾ ನೋಡ್ತಾನೆ."

ದಾರವನ್ನು ಹಲ್ಲಿನಿಂದ ಕಡಿದು ಗವುಸನ್ನು ಕೊಡವಿದಳು. ದಿಂಬು ದೊಡ್ಡದಿತ್ತು, ಒಬ್ಬರಿಂದ ತುರುಕಲು ಆಗುತ್ತಿರಲಿಲ್ಲ. ಅವಳು ಗವುಸಿನ ಎರಡು ತುದಿ ಹಿಡಿದುಕೊಂಡಳು.