ರೇಂಜಿನ ಕಲ್ಲು

"ಬಂತೇನೆ?" ಎಂದು ಮಾಸ್ತಮ್ಮ ಮತ್ತೆ ಕೇಳಿದಳು.

"ಬಂದ್ರೆ ನಿಂಗೂ ಕೇಳಲ್ವಾ ಅಮ್ಮ?"

ಆಶಾ ಮೊಬೈಲನ್ನು ಬಂಡೆಯ ಸಣ್ಣ ಬಿರುಕಿಗೆ ಆನಿಸಿ ನಿಲ್ಲಿಸಿದ್ದಳು. ಅಲ್ಲಿಟ್ಟರೆ ಸಿಗ್ನಲ್ಲಿನ ಎರಡು ಕಡ್ಡಿ ಕಾಣುತ್ತಿದ್ದವು. ಒಂದು ಗೇಣು ಆಚೆ ಸರಿಸಿದರೆ ಅವೂ ಮಾಯ. ಅವಳ ತೊಡೆಯ ಮೇಲೆ ಗಣಿತದ ಪುಸ್ತಕ, ಕೈಯಲ್ಲಿ ಟಾರ್ಚು. ಮಾಸ್ತಮ್ಮ ಕಂಬಳಿ ಹೊದ್ದು, ಕತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಾಡಿನ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಹಿಂದಿನ ವಾರ ಕಾಡುಕೋಣವೊಂದು ಇದೇ ದಾರಿಯಲ್ಲಿ ಇಳಿದು ಹೋಗಿತ್ತು. ಮಗಳನ್ನು ಒಬ್ಬಳೇ ಕಳಿಸುವ ಮಾತೇ ಇರಲಿಲ್ಲ.

ಗುಡ್ಡದ ನೆತ್ತಿಯ ಈ ಬಂಡೆಯನ್ನು ಊರಿನವರು ರೇಂಜಿನ ಕಲ್ಲು ಎನ್ನುತ್ತಿದ್ದರು. ಕೆಳಗೆ ಮನೆಗಳಲ್ಲಿ ಮೊಬೈಲು ಗಡಿಯಾರವಾಗಿ, ಟಾರ್ಚಾಗಿ ಉಪಯೋಗಕ್ಕೆ ಬರುತ್ತಿತ್ತೇ ಹೊರತು ಮಾತಿಗಲ್ಲ. ಮದುವೆಯ ಮಾತುಕತೆ, ಗ್ಯಾಸಿನ ಬುಕಿಂಗು, ನೆಂಟರ ಸಾವಿನ ಸುದ್ದಿ, ಎಲ್ಲವೂ ಈ ಕಲ್ಲಿನ ಮೇಲೆ ನಿಂತೇ ಆಗಬೇಕು. ಆದರೆ ಬೆಳಕು ಹರಿಯುವ ಮುಂಚೆ ಇಲ್ಲಿಗೆ ಬರುವವರು ಇವರಿಬ್ಬರೇ.

ಅವರು ಕಾಯುತ್ತಿದ್ದುದು ಗಣಿತದ ರಾಜೇಂದ್ರ ಮೇಷ್ಟ್ರ ಫೋನಿಗೆ. ಹತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಶಿಕ್ಷಕರು ಹಂಚಿಕೊಂಡು ದತ್ತು ತೆಗೆದುಕೊಳ್ಳಬೇಕು, ಬೆಳಗಿನ ಜಾವ ಫೋನ್ ಮಾಡಿ ಎದ್ದು ಓದುತ್ತಿದ್ದಾರೋ ಇಲ್ಲವೋ ವಿಚಾರಿಸಬೇಕು ಎಂದು ಶಾಲೆಯಲ್ಲಿ ತೀರ್ಮಾನವಾಗಿತ್ತು. ಆಶಾ ರಾಜೇಂದ್ರರ ಪಾಲಿಗೆ ಬಂದಿದ್ದಳು. ಮೊದಲ ವಾರ ಮುಗಿಯುವಾಗ ಅವರು ಕ್ಲಾಸಿನಲ್ಲಿ ಎಲ್ಲರೆದುರು, "ಏನಮ್ಮಾ, ನೀನು ಯಾವಾಗ್ಲೂ ನಾಟ್ ರೀಚಬಲ್. ಫೋನೂ ಹಾಗೇ, ತಲೆನೂ ಹಾಗೇ" ಎಂದಿದ್ದರು. ಎಲ್ಲರೂ ನಕ್ಕರು. ಆಶಾಳೂ ತಲೆ ತಗ್ಗಿಸಿಕೊಂಡು ನಕ್ಕ ಹಾಗೆ ಮಾಡಿದಳು. ಮನೆಯಲ್ಲಿ ರೇಂಜ್ ಸಿಗುವುದಿಲ್ಲ ಎಂದು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಬೋರ್ಡಿನ ಕಡೆಗೆ ತಿರುಗಿಯಾಗಿತ್ತು. ಮಾರನೆಯ ದಿನದಿಂದ ತಾಯಿ ಮಗಳು ಗುಡ್ಡ ಹತ್ತತೊಡಗಿದರು. ಅಲ್ಲಿಂದೀಚೆ ಒಮ್ಮೆಯೂ ಫೋನ್ ಬಂದಿರಲಿಲ್ಲ.

"ಮೇಷ್ಟ್ರಿಗೆ ಹೇಳೆ, ನಾವಿಲ್ಲಿ ಬಂದ್ ಕೂರ್ತೀವಿ ಅಂತ."

"ನಾ ಹೇಳಲ್ಲ."

"ಹೋಗ್ಲಿ, ಅವ್ರ ನಂಬರಾದ್ರೂ ಇಸ್ಕ. ನಾವೇ ಒಂದು ಮಿಸ್ ಕಾಲ್ ಕೊಟ್ರಾತು."

"ಅಯ್ಯೋ, ಮೇಷ್ಟ್ರಿಗೆ ಮಿಸ್ ಕಾಲಾ? ಸುಮ್ನಿರು ಮಾರಾಯ್ತಿ ನೀನು."

ತನಗೆ ಫೋನ್ ಮಾಡಿ ಪ್ರಯೋಜನವಿಲ್ಲವೆಂದು ಅವರು ಬಿಟ್ಟಿರಬಹುದು ಎಂದು ಆಶಾಳಿಗೆ ಅನ್ನಿಸುತ್ತಿತ್ತು. ಅದು ನಿಜವೇ ಇರಬಹುದು ಎಂದೂ ಅನ್ನಿಸುತ್ತಿತ್ತು. ಅದನ್ನು ಅವಳು ತಾಯಿಗೆ ಹೇಳಲಿಲ್ಲ. ಕಾಯುವಾಗ ಬೇರೇನೂ ಮಾಡಲು ತೋಚದೆ ಪುಸ್ತಕವನ್ನು ಓದುತ್ತಿದ್ದಳು. ಹುಲಿಕಲ್ ಕಡೆಯ ಕಣಿವೆಯಲ್ಲಿ ಮಂಜು ಬೆಳ್ಳಗಾಗುವ ಹೊತ್ತಿಗೆ ಟಾರ್ಚು ಆರಿಸಿ ಇಬ್ಬರೂ ಇಳಿದರು. ಆ ದಿನ ಮಾಸ್ತಮ್ಮನಿಗೂ ಶಾಲೆಗೆ ಹೋಗುವುದಿತ್ತು. ಹೆಡ್ ಮಾಸ್ಟರ್ ಬರಹೇಳಿದ್ದರು.

ಕ್ಲಾಸಿನಲ್ಲಿ ಮೊದಲ ಪೀರಿಯಡ್ಡಿಗೆ ಯಾವ ಮೇಷ್ಟ್ರೂ ಬಂದಿರಲಿಲ್ಲ. ಹಿಂದಿನ ಬೆಂಚಿನ ದುರ್ಗೇಶ ಡೆಸ್ಕಿನ ಮೇಲೆ ಕುಳಿತು ಸಭೆ ನಡೆಸುತ್ತಿದ್ದ.

"ದತ್ತು ಮಕ್ಕಳೆಲ್ಲ ಈಚೆಗೆ ಬನ್ನಿ. ಆಶಾ, ನಿಮ್ಮಪ್ಪ ಯಾರೇ? ಗಣಿತನಾ? ಪಾಪ! ನಮ್ಮಪ್ಪ ಪಿ.ಟಿ. ಮೇಷ್ಟ್ರು. ಬೆಳಿಗ್ಗೆ ಫೋನ್ ಮಾಡಿ 'ಎದ್ಯಾ' ಅಂತಾರೆ. 'ಎದ್ದೆ ಸಾರ್' ಅಂತೀನಿ. ಆಮೇಲೆ ಇಬ್ರೂ ಮಲಗ್ತೀವಿ."

"ಹಿಂಗಾದ್ರೆ ನೀನು ಪಾಸಾದ ಹಾಗೇ" ಎಂದು ಮುಂದಿನ ಬೆಂಚಿನಿಂದ ಧನ್ಯಶ್ರೀ ತಿರುಗಿ ನೋಡದೆಯೇ ಹೇಳಿದಳು.

"ಪಾಸಾದೋರು ಎಂತ ಕಡ್ದು ಕಟ್ಟೆ ಹಾಕಿದಾರೆ ಹೇಳು ನೋಡಾಣ" ಎಂದ ದುರ್ಗೇಶ. ಮತ್ತೆ ಆಶಾಳ ಕಡೆಗೆ ಬಾಗಿ, ಸ್ವಲ್ಪ ತಗ್ಗಿದ ದನಿಯಲ್ಲಿ, "ನಿಮ್ಮನೇರಿಗೆ ಬರಾಕ್ ಹೇಳಿದಾರಂತಲ್ಲ. ಮೊನ್ನೆ ನಮ್ಮ ಸ್ವಂತ ಅಪ್ಪಂಗೂ ಹೇಳಿದ್ರು. ನಾನು ಪರೀಕ್ಷೆ ದಿನ ಮನೇಲಿರ್ತೀನಿ ಅಂತ ಒಪ್ಪಿಕಂಡಾತು. ನೀನೂ ಸುಮ್ನೆ ಒಪ್ಪಿಕ. ಇವ್ರು ನಮ್ಮನ್ನ ಲೆಕ್ಕದಿಂದ ತೆಗ್ದು ಯಾವ ಕಾಲ ಆತು" ಎಂದ. ಅವನು ನಗುತ್ತಲೇ ಇದ್ದ. ಆದರೆ ಉಗುರಿನಿಂದ ಡೆಸ್ಕಿನ ಬಣ್ಣ ಕೀಳುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನದ ಊಟದ ನಂತರ ಮಾಸ್ತಮ್ಮ ಬಂದಳು. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ಚಪ್ಪಲಿಯನ್ನು ಆಫೀಸಿನ ಹೊರಗೆ ಬಿಟ್ಟು ಒಳಗೆ ಬಂದು, ಕುರ್ಚಿ ತೋರಿಸಿದರೂ ಅದರ ತುದಿಯಲ್ಲಷ್ಟೇ ಕುಳಿತಳು. ಆಶಾ ಗೋಡೆಗೆ ಒರಗಿ ನಿಂತಳು. ಹೆಡ್ ಮಾಸ್ಟರ್ ಗಣೇಶಮೂರ್ತಿಯವರ ಎದುರಿಗೆ ರಾಜೇಂದ್ರ ಮೇಷ್ಟ್ರು ಉತ್ತರ ಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದರು.

ಗಣೇಶಮೂರ್ತಿಯವರು ಒರಟು ಮನುಷ್ಯರಲ್ಲ. ನಿಧಾನವಾಗಿಯೇ ಹೇಳಿದರು. "ನೋಡಮ್ಮ, ನಮ್ಮ ಶಾಲೆ ಎರಡು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ ತರ್ತಾ ಇದೆ. ಒಂದು ಮಗು ಬಿದ್ರೂ ಎಲ್ಲರ ಶ್ರಮ ನೀರಲ್ಲಿ ಹೋಮ ಮಾಡಿದ ಹಾಗೆ. ನಿಮ್ಮ ಹುಡುಗಿ ಗಣಿತದಲ್ಲಿ ಆಗಲ್ಲ ಅಂತ ಇವ್ರು ಹೇಳ್ತಾರೆ. ಮೊದಲ್ನೇ ಪರೀಕ್ಷೆ ದಿನ ಹುಷಾರಿಲ್ಲ ಅಂತ ಮನೇಲಿರ್ಲಿ, ಗೈರಾದ್ರೆ ಬಿದ್ದೋರ ಲೆಕ್ಕಕ್ಕೆ ಬರಲ್ಲ. ಆಮೇಲೆ ಎರಡನೇದು ಬರುತ್ತೆ, ಅದಕ್ಕೆ ಕೂರ್ಲಿ. ಯಾರಿಗೂ ತೊಂದ್ರೆ ಇಲ್ಲ."

"ಹುಷಾರಾಗೇ ಇದಾಳಲ್ಲ ಸಾರ್?" ಎಂದಳು ಮಾಸ್ತಮ್ಮ.

"ಅದು ಹಾಗಲ್ಲಮ್ಮ..."

"ಗೊತ್ತಾತು ಸಾರ್. ಆದ್ರೆ ಒಂದ್ಸಲ ಮನೇಲಿ ಕೂತೋರು ಮತ್ತೆ ಬ್ಯಾಗ್ ಹಿಡಿಯಲ್ಲ. ನಾನೂ ಹಂಗೇ, ಇದೊಂದು ವರ್ಷಕ್ಕೆ ಅಂತ ಮನೇಲಿ ಕೂತಿದ್ದು. ಇವ್ಳು ಬೀಳಾದಾದ್ರೆ ಬೀಳ್ಲಿ, ಪರೀಕ್ಷೆ ಬರ್ದೇ ಬೀಳ್ಲಿ."

ರಾಜೇಂದ್ರ ಮೇಷ್ಟ್ರು ಉತ್ತರ ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ತಟ್ಟಿ ಅಂಚು ಸರಿ ಮಾಡಿದರು. "ನಾನಂತೂ ಕೈಲಾದ್ದೆಲ್ಲ ಮಾಡಿದೀನಿ ಸರ್. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಫೋನ್ ಮಾಡ್ತೀನಿ. ಇವತ್ತಿನ ತನಕ ಒಂದು ದಿನ ಎತ್ತಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಅವರಿಗೇ ಬೇಡದಿದ್ರೆ ನಾವೇನು ಮಾಡೋಣ?"

ಆಶಾ ತಲೆಯೆತ್ತಿ ಅಮ್ಮನನ್ನು ನೋಡಿದಳು. ಈಗ ಅಮ್ಮ ಹೇಳುತ್ತಾಳೆ ಎಂದುಕೊಂಡಳು. ಮಾಸ್ತಮ್ಮ ಮೇಷ್ಟ್ರ ಮುಖವನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಸಂತೆಯಲ್ಲಿ ವ್ಯಾಪಾರ ಮಾಡುವಾಗ ಎದುರಿನವರು ಎಲ್ಲಿಯ ತನಕ ಇಳಿದಾರು ಎಂದು ನೋಡುವ ಹಾಗೆ. ಮೇಷ್ಟ್ರು ಕಟ್ಟಿನ ದಾರವನ್ನು ಬಿಚ್ಚಿ ಮತ್ತೆ ಗಂಟು ಹಾಕಿದರು.

"ಹೌದು ಸಾರ್" ಎಂದಳು ಮಾಸ್ತಮ್ಮ. "ತಪ್ಪು ನಮ್ದೇ. ನಮ್ಮನೇಲಿ ರೇಂಜಿಲ್ಲ. ನೀವು ದಿನಾ ಎದ್ದು ಮಾಡಿದ್ದು ಎಲ್ಲ ದಂಡ ಆತು. ಇನ್ನು ಗುಡ್ಡ ಹತ್ತಿ ಕೂರ್ತೀವಿ, ನಾಳಿಂದ ಎತ್ತುತಾಳೆ. ಇಷ್ಟು ದಿನ ಬಿಡ್ದೆ ಮಾಡಿದೀರಿ. ಇನ್ನು ಸ್ವಲ್ಪ ದಿನ ಮಾಡಿ."

ರಾಜೇಂದ್ರ ಮೇಷ್ಟ್ರು ಅವಳ ಕಡೆಗೆ ನೋಡಿ, ಕಣ್ಣು ತೆಗೆದು ಕಿಟಕಿಯ ಕಡೆಗೆ ನೋಡಿದರು.

"ಏನ್ ಹೇಳ್ತೀರಿ ರಾಜೇಂದ್ರ?" ಎಂದರು ಗಣೇಶಮೂರ್ತಿ. "ನಿಮ್ಮ ದತ್ತು. ನೀವು ಜವಾಬ್ದಾರಿ ತಗೊಂಡ್ರೆ ಕೂರಿಸೋಣ. ಇಲ್ಲ ಅಂದ್ರೆ ಇಲ್ಲ. ನಂದೇನೂ ಇಲ್ಲ."

ಹೊರಗೆ ಅಡುಗೆಯವರು ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

"ಕೂರ್ಲಿ ಸರ್" ಎಂದರು ರಾಜೇಂದ್ರ.

ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಬಸ್ ಸ್ಟಾಪಿನಲ್ಲಿ ಹುಲಿಕಲ್ ಕಡೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದರು.

"ನೀನು ಯಾಕೆ ಸುಳ್ಳು ಹೇಳಿದೆ?" ಎಂದಳು ಆಶಾ.

"ಎಂತ ಸುಳ್ಳು?"

"ನಾಳಿಂದ ಹತ್ತುತೀವಿ ಅಂತ. ನಾವು ದಿನಾ ಅಲ್ಲೇ ಇರ್ಲಿಲ್ವಾ? ಅವ್ರು ಮಾಡ್ಲೇ ಇಲ್ಲ. ನಿಂಗೂ ಗೊತ್ತು. ನಾನು ಮಲಗಿರ್ತೀನಿ ಅಂತ ಎಲ್ರೂ ತಿಳ್ಕಂಡ್ರು."

"ತಿಳ್ಕಳ್ಳಿ ಬಿಡು. ಅವ್ರನ್ನ ಹೆಡ್ ಮಾಸ್ಟರ ಎದ್ರಿಗೆ ಸುಳ್ಳ ಮಾಡಿದ್ರೆ ಕೂರ್ಲಿ ಅಂತಿದ್ರಾ? ಅವ್ರ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು. ಈಗ್ಲೂ ನಿಂತೈತೆ. ನಾಳೆ ಬಂದು ಬ್ಯಾಡ ಅಂದ್ರೆ ಮುಗೀತು." ಮಾಸ್ತಮ್ಮ ಮಗಳ ಭುಜದ ಮೇಲಿನ ಬ್ಯಾಗಿನ ಪಟ್ಟಿಯನ್ನು ಸರಿ ಮಾಡಲು ಹೋದಳು. ಆಶಾ ಸರಿದು ನಿಂತಳು.

ಆಗ ರಾಜೇಂದ್ರ ಮೇಷ್ಟ್ರು ರಸ್ತೆ ದಾಟಿ ಬಂದರು. ಅವರ ಮನೆ ಇದ್ದುದು ಸಾಗರದಲ್ಲಿ. ದಿನಾ ಇಲ್ಲಿಂದಲೇ ಬಸ್ಸು ಹಿಡಿಯುತ್ತಿದ್ದರು. ಇವರನ್ನು ಕಂಡು ಒಂದು ಗಳಿಗೆ ನಿಂತು, ನಂತರ ಬಂದು ಕಂಬದ ಆಚೆ ಬದಿಗೆ ನಿಂತುಕೊಂಡರು.

"ಬಸ್ ಇವತ್ತು ತಡ ಅನ್ಸುತ್ತೆ" ಎಂದರು, ಯಾರಿಗೆಂದಿಲ್ಲದೆ.

"ಹೌದು ಸಾರ್, ತಡ" ಎಂದಳು ಮಾಸ್ತಮ್ಮ.

ಆಶಾ ರಸ್ತೆಯ ಅಂಚಿನ ಜಲ್ಲಿಯನ್ನು ನೋಡುತ್ತಿದ್ದಳು.

"ಸಾರ್" ಎಂದಳು. ಅವರು ತಿರುಗಿದರು. "ನೀವು ಫೋನ್ ಮಾಡ್ತಿರ್ಲಿಲ್ಲ."

ಮಾಸ್ತಮ್ಮ ಅವಳ ಮೊಣಕೈಯನ್ನು ಹಿಡಿದು ಚಿವುಟಿದಳು. "ಅದಕ್ಕೆ ಬುದ್ಧಿಯಿಲ್ಲ ಸಾರ್. ಎಂತದೋ ಹೇಳ್ತದೆ. ನೀವು ಮನಸ್ಸಿಗೆ ಹಚ್ಕಬೇಡಿ."

"ಮೊದಲ್ನೇ ವಾರ ಮಾಡಿದ್ದೆ" ಎಂದರು ಮೇಷ್ಟ್ರು.

"ಆವಾಗ ಮನೇಲಿದ್ವಿ. ಆಮೇಲೆ ಕಲ್ಲಿನ ಹತ್ರ ಇದ್ವಿ. ಅಲ್ಲಿ ರೇಂಜ್ ಸಿಗುತ್ತೆ. ಬೆಳಕಾಗೋ ತನಕ ಕೂತಿರ್ತಿದ್ವಿ, ಅಮ್ಮನೂ ನಾನೂ. ಇವತ್ತೂ ಕೂತಿದ್ವಿ."

ರಾಜೇಂದ್ರ ಮೇಷ್ಟ್ರ ಮುಖ ಕೆಂಪಾಯಿತು. ಗದರುತ್ತಾರೆ ಎಂದು ಮಾಸ್ತಮ್ಮ ಒಂದು ಹೆಜ್ಜೆ ಮುಂದೆ ಬಂದು ಮಗಳಿಗೆ ಅಡ್ಡ ನಿಂತಳು. ಅವರು ಗದರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡರು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಬಸ್ಸು ತುಂಬಿ ಬಂದಿತ್ತು. "ಹೊಸನಗರ, ಸಾಗರ! ಒಳಗ್ ಹೋಗಿ, ಒಳಗ್ ಹೋಗಿ, ಮೆಟ್ಲು ಯಾರ ಮನೆ ಜಗಲಿನೂ ಅಲ್ಲ" ಎಂದು ಕಂಡಕ್ಟರ್ ಕೂಗುತ್ತಿದ್ದ. ಮೇಷ್ಟ್ರು ಹತ್ತಿದರು. ಜನರ ನಡುವೆ ಅವರ ಬೆನ್ನು ಮರೆಯಾಯಿತು.

"ಹೋತು" ಎಂದಳು ಮಾಸ್ತಮ್ಮ, ಉಸಿರು ಬಿಟ್ಟು. "ಎಲ್ಲಾ ಹೋತು. ಬಾಯಿ ಬಿಡದೋಳು ಇವತ್ತೇ ಬಿಡ್ಬೇಕಿತ್ತಾ?"

ಕಂಡಕ್ಟರ್ ಬಾಗಿಲು ಬಡಿದು ರೈಟ್ ಹೇಳುವಷ್ಟರಲ್ಲಿ ಮೇಷ್ಟ್ರು ಯಾರನ್ನೋ ಸರಿಸಿಕೊಂಡು ಒಂದು ಕಿಟಕಿಯ ಹತ್ತಿರ ಬಗ್ಗಿದರು. ಕೈಯಲ್ಲಿ ಮೊಬೈಲು ಇತ್ತು.

"ನಂಬರ್ ಇನ್ನೊಂದ್ಸಲ ಹೇಳು. ಅಳಿಸಿಬಿಟ್ಟಿದ್ದೆ."

ಆಶಾ ಹೇಳತೊಡಗಿದಳು. ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮೇಷ್ಟ್ರು ಕಿವಿಗೆ ಕೈ ಅಡ್ಡ ಹಿಡಿದು ಕೇಳಿಸಲಿಲ್ಲವೆಂದು ತಲೆಯಾಡಿಸಿದರು. ಬಸ್ಸು ಹೊರಟಿತು. ಅವಳು ಅದರ ಜೊತೆಗೆ ನಡೆದಳು, ನಂತರ ಓಡಿದಳು, ಬ್ಯಾಗು ಬೆನ್ನಿಗೆ ಬಡಿಯುತ್ತಿತ್ತು. ಮೊದಲಿಂದ ಮತ್ತೆ ಶುರು ಮಾಡಿ ಒಂದೊಂದೇ ಅಂಕಿಯನ್ನು ಕೂಗಿದಳು. ಸ್ಟಾಪಿನಲ್ಲಿದ್ದ ಹುಡುಗರು ತಿರುಗಿ ನೋಡಿದರು. ಅಷ್ಟು ದೊಡ್ಡ ದನಿ ಅವಳದೆಂದು ಮಾಸ್ತಮ್ಮನಿಗೂ ಗೊತ್ತಿರಲಿಲ್ಲ. ಬಸ್ಸು ವೇಗ ಹಿಡಿಯಿತು. ಮೇಷ್ಟ್ರ ಕಿಟಕಿ ಮುಂದೆ ಹೋಯಿತು, ಅದರ ಹಿಂದಿನದೂ ಹೋಯಿತು.

"ಏಳು! ನಾಲ್ಕು!"

ಕೊನೆಯ ಕಿಟಕಿಯಲ್ಲಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬಳು ಕುಳಿತಿದ್ದಳು. ಅವಳು ಓಡಿ ಬರುವ ಹುಡುಗಿಯನ್ನು ಒಮ್ಮೆ ನೋಡಿ, ಬಸ್ಸಿನೊಳಗೆ ತಿರುಗಿ, ಏಳು ನಾಲ್ಕಂತೆ, ಏಳು ನಾಲ್ಕು ಎಂದು ಮುಂದಿನವರಿಗೆ ಕೂಗಿ ಹೇಳುತ್ತಿದ್ದಳು.