ತಳ್ಳುವವರು ಬೇರೆ

ಕಾರಿನ ಅಡಿಗೆ ನುಸುಳುವವನು ಅದನ್ನು ತಳ್ಳಿ ನೋಡಬಾರದು. ತಳ್ಳಿ ನೋಡುವವನು ನುಸುಳಬಾರದು. ಅಣ್ಣ ತಮ್ಮ ಇಬ್ಬರೂ ಇಪ್ಪತ್ತಾರು ವರ್ಷ ಪಾಲಿಸಿಕೊಂಡು ಬಂದ ನಿಯಮವಿದು. ಜಾಕಿನಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ಕಾರನ್ನು ಬಲವಾಗಿ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ಕೆಳಗೆ ಯಾರೂ ಇಲ್ಲದಾಗಲೇ ಬೀಳಲಿ. ಆದರೆ ಒಳಗೆ ಹೋಗುವ ಆತುರದಲ್ಲಿರುವವನ ಕೈ ತಾನಾಗಿಯೇ ಮೆತ್ತಗಾಗುತ್ತದೆ. ಆದ್ದರಿಂದ ತಳ್ಳುವುದು ಇನ್ನೊಬ್ಬನ ಪಾಲು.

ಆ ಇನ್ನೊಬ್ಬ, ಅಂದರೆ ಅಣ್ಣ, ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹೃದಯದ ಕಾಯಿಲೆ, ಅದಕ್ಕೂ ಕಾರಿಗೂ ಸಂಬಂಧವಿಲ್ಲ. ಅಂದಿನಿಂದ ತಮ್ಮನಿಗೆ ಯಾವುದೂ ತಟ್ಟುತ್ತಿರಲಿಲ್ಲ. ಐವತ್ತೈದು ತುಂಬಿದ್ದರೂ ಅತ್ತಿಗೆಯ ಬಾಯಲ್ಲಿ ಅವನು ಇನ್ನೂ ಪುಟ್ಟುವೇ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಬಿಡಿಭಾಗಗಳನ್ನು ಅಳೆಯುವ ಕೆಲಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಳಲಿಲ್ಲ. ರಸ್ತೆ ದಾಟುವಾಗ ಎಡಬಲ ನೋಡುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದ. ಕಳೆದ ವಾರ ಒಂದು ಲಾರಿ ಅವನ ಭುಜದ ಪಕ್ಕದಲ್ಲೇ ಕಿರುಚಿ ನಿಂತಿತು. ಚಾಲಕ ಬಾಯಿಗೆ ಬಂದಂತೆ ಬೈದ. ಪುಟ್ಟು ಬೈಗುಳವನ್ನು ಕೊನೆಯವರೆಗೆ ಕೇಳಿಸಿಕೊಂಡು, ತಲೆಯಾಡಿಸಿ ಮುಂದೆ ನಡೆದ. ಎದುರು ಅಂಗಡಿಯಲ್ಲಿ ಸೋಪು ಕೊಳ್ಳುತ್ತಿದ್ದ ಅತ್ತಿಗೆ ಅದನ್ನು ನೋಡಿದ್ದಳು. ನೋಡಿದ್ದನ್ನು ಅವನಿಗೆ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳೇ ಅವನನ್ನು ಮನೆಗೆ ಕರೆಸಿದಳು. ಷೆಡ್ಡಿನಲ್ಲಿ ಎರಡೇ ಸೀಟಿನ, ಬಟ್ಟೆ ಚಾವಣಿಯ, ಅಣ್ಣನ ಹಳೆಯ ಸ್ಪೋರ್ಟ್ಸ್ ಕಾರು ನಿಂತಿತ್ತು. ಅದರಡಿ ತಟ್ಟೆಯಗಲ ಎಣ್ಣೆ.

"ನಿಮ್ಮಣ್ಣ ಹೋದಾಗಿನಿಂದ ಇದೂ ಒಂದೇ ಸಮ ಸುರಿಸ್ತಾ ಇದೆ," ಎಂದಳು ಅತ್ತಿಗೆ. "ನಾನು ಕೂಡ ಇಷ್ಟು ಅತ್ತಿಲ್ಲಪ್ಪ. ಹಿರಿ ಹೆಂಡತಿ ಅಲ್ವಾ ಇವಳು!"

"ಗೇರ್ ಬಾಕ್ಸಿನ ನಟ್ಟು ಸಡಿಲ ಆಗಿದೆ, ಅತ್ತಿಗೆ. ಕಾಲು ಸುತ್ತು ಬಿಗಿ ಮಾಡಿದ್ರೆ ಆಯ್ತು."

"ಮಾಡು. ನಾನು ಇಲ್ಲೇ ಕೂತಿರ್ತೀನಿ."

ಅವಳು ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದಾದಿಯಾಗಿದ್ದವಳು. ಕಾಯುವುದು ಅವಳಿಗೆ ಹೊಸದಲ್ಲ.

ಪುಟ್ಟು ಕೆಲಸಕ್ಕೆ ಕ್ರಮವಾಗಿಯೇ ತೊಡಗಿದ. ಹ್ಯಾಂಡ್ ಬ್ರೇಕ್ ಎಳೆದ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತಿದ. ಮುಂಭಾಗದ ಅಡ್ಡತೊಲೆಯ ಕೆಳಗೆ ಜಾಕ್ ಉರುಳಿಸಿ ಹಿಡಿಯನ್ನು ಹದಿನೆಂಟು ಸಲ ಒತ್ತಿದ. ಕಾರಿನ ಮೂತಿ ಮೇಲೆದ್ದಿತು. ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡ್ ಇಟ್ಟು, ಜಾಕನ್ನು ಇಳಿಸಿ, ಪೂರ್ತಿ ಹೊರಗೆಳೆದು ಗೋಡೆಗೆ ಸರಿಸಿದ. ಜಾಕನ್ನು ಆಸರೆಗೆಂದು ಅಲ್ಲಿಯೇ ಬಿಡುವುದು ವಾಡಿಕೆ. ಅಂದು ಬಿಡಲಿಲ್ಲ. ಮರೆತದ್ದಲ್ಲ, ಬಿಟ್ಟರೇನು, ಬಿಡದಿದ್ದರೇನು ಎನ್ನಿಸಿತು, ಅಷ್ಟೇ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒಮ್ಮೆ ಅಲುಗಿಸಿದ. ಕಾರು ಕದಲಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಚಾಪೆ ಹಾಸಿದ.

"ನಿಲ್ಲು," ಎಂದಳು ಅತ್ತಿಗೆ. "ತಳ್ಳಿದವರು ಯಾರು?"

"ನಾನೇ."

"ಅದು ತಳ್ಳಿದ್ದಾ? ಮಗೂಗೆ ಜ್ವರ ಇದೆಯಾ ಅಂತ ಮುಟ್ಟಿ ನೋಡ್ದಂಗಿತ್ತು. ನುಸುಳೋರು ತಳ್ಳಬಾರದು ಅಂತ ನಿಮ್ಮಣ್ಣ ಬಡ್ಕೊಳ್ತಿದ್ದದ್ದು ನನಗೂ ಕೇಳಿಸ್ತಿತ್ತು. ಅಡುಗೆಮನೆ ಗೋಡೆ ಅಷ್ಟೇನೂ ದಪ್ಪ ಇಲ್ಲ."

"ಬಿಡಿ ಅತ್ತಿಗೆ. ಎರಡು ನಿಮಿಷದ ಕೆಲಸ."

"ಪಕ್ಕಕ್ಕೆ ಸರಿ."

ಅವಳು ಸೆರಗು ಸಿಕ್ಕಿಸಿಕೊಂಡು ಕಾರಿನ ಬಲಗಡೆಗೆ ಬಂದು, ಬಾಗಿಲಿಗೆ ಹೆಗಲು ಕೊಟ್ಟಳು. ಎಷ್ಟೋ ರೋಗಿಗಳ ಮಂಚಗಳನ್ನು ಉದ್ದನೆಯ ಕಾರಿಡಾರುಗಳಲ್ಲಿ ನೂಕಿದ್ದ ಹೆಗಲು ಅದು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲಕ್ಕೆ ಎಡಗಡೆಯ ಸ್ಟ್ಯಾಂಡ್ ಕಿರ್ರೆಂದು ವಾಲಿತು. ಮೂತಿ ಧೊಪ್ಪನೆ ಎಡಕ್ಕೆ ಕುಸಿಯಿತು. ಗೂಡಿನಲ್ಲಿದ್ದ ಡಬ್ಬಿಗಳು ಉರುಳಿದವು.

ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು.

ಪುಟ್ಟು ಬಗ್ಗಿ ನೋಡಿದ. ಕಾರಣ ತಿಳಿಯಿತು. ಸ್ಟ್ಯಾಂಡಿನ ತಲೆ ಚಾಸಿಯ ಪಟ್ಟಿಯ ಮಧ್ಯಕ್ಕೆ ಕೂತಿರಲಿಲ್ಲ. ಅಂಚನ್ನು ಅರ್ಧ ಇಂಚು ಕಚ್ಚಿಕೊಂಡಿತ್ತು. ದಿನವಿಡೀ ಕೂದಲೆಳೆಯ ವ್ಯತ್ಯಾಸವನ್ನು ಹಿಡಿದು ಮಾಲನ್ನು ತಿರಸ್ಕರಿಸುವ ಕಣ್ಣು ಈ ಅರ್ಧ ಇಂಚನ್ನು ದಾಟಿ ಹೋಗಿತ್ತು. ಜೇಬಿನಿಂದ ಟೇಪು ತೆಗೆದು ಅಳೆದ. ಕಾರಿನ ಹೊಟ್ಟೆಗೂ ನೆಲಕ್ಕೂ ಐದು ಇಂಚು. ಅವನ ಎದೆಯ ದಪ್ಪ ಒಂಬತ್ತು. ಕಳೆದರೆ ನಾಲ್ಕು. ಲೆಕ್ಕ ಸರಿಯಾಗಿತ್ತು. ಆ ನಾಲ್ಕು ಇಂಚು ತನ್ನ ಎದೆಯಿಂದಲೇ ಕಳೆಯಬೇಕಾದದ್ದು ಎಂಬುದೂ ತಿಳಿಯಿತು. ಆದರೂ ಎದೆ ಡವಗುಟ್ಟಲಿಲ್ಲ. ಪರರ ಮನೆಯ ಸುದ್ದಿ ಓದಿದಂತಿತ್ತು.

"ಒಳಗೆ ಇದ್ದಿದ್ರೆ?" ಅತ್ತಿಗೆಯ ದನಿ ಒಡೆದಿತ್ತು.

"ಇರಲಿಲ್ಲವಲ್ಲ."

"ಇದ್ದಿದ್ರೆ ಅಂದೆ!"

"ತಕ್ಷಣವೇ ಆಗ್ತಿತ್ತು, ಅತ್ತಿಗೆ. ನೋವು ಗೊತ್ತಾಗ್ತಿರಲಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ವಾರ್ಡಿನಲ್ಲಿ ಇಂಥ ಮುಖಗಳನ್ನು ಕಂಡಿದ್ದಳು: ಔಷಧಿ ಕೊಟ್ಟರೆ ನುಂಗುವವರು, ಕೊಡದಿದ್ದರೆ ಕೇಳದವರು. ಅಂಥವರೊಂದಿಗೆ ವಾದ ಮಾಡಿ ಫಲವಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಸ್ಪ್ಯಾನರ್ ಕೊಡು," ಎಂದಳು.

"ಯಾಕೆ?"

"ನಾನು ಹೋಗ್ತೀನಿ ಕೆಳಗೆ. ಮತ್ತೆ ಎತ್ತು ಕಾರನ್ನ. ಯಾವ ನಟ್ಟು, ಎತ್ತ ತಿರುಗಿಸಬೇಕು ಹೇಳು. ತೊಟ್ಟಿಲಷ್ಟಿಲ್ಲ ಈ ಕಾರು, ಇದಕ್ಕೊಬ್ಬ ಗಂಡಸೇ ಬೇಕಾ?"

"ಹುಡುಗಾಟ ಆಡಬೇಡಿ."

"ನೀನು ಹೋಗಬಹುದು, ನಾನು ಹೋಗಬಾರದು. ಯಾಕಪ್ಪ? ನನಗಾದ್ರೆ ನೋವಾಗತ್ತಾ?"

ಅವಳು ಆಗಲೇ ಚಾಪೆಯ ಮೇಲೆ ಕೂತು ಬಳೆಗಳನ್ನು ತೋಳಿಗೆ ಏರಿಸಿಕೊಳ್ಳುತ್ತಿದ್ದಳು. ಹಟ ಹಿಡಿದರೆ ಬಿಡುವವಳಲ್ಲ. ಅಣ್ಣನೇ ಸೋತಿದ್ದ.

ಪುಟ್ಟು ಮತ್ತೆ ಜಾಕ್ ಎಳೆದು ತಂದ. ಈ ಸಲ ಸ್ಟ್ಯಾಂಡುಗಳ ಕೆಳಗಿನ ನೆಲವನ್ನು ಗುಡಿಸಿದ. ಪಟ್ಟಿಯ ಅಗಲ ಅಳೆದು ಮಧ್ಯಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಸ್ಟ್ಯಾಂಡಿನ ತಲೆಯನ್ನು ಗೆರೆಗೆ ಸರಿಯಾಗಿ ಕೂರಿಸಿ, ಟಾರ್ಚ್ ಹಿಡಿದು ಎರಡು ಕಡೆಯಿಂದಲೂ ನೋಡಿದ. ಜಾಕನ್ನು ತೊಲೆಗೆ ತಾಗಿಸಿಯೇ ಬಿಟ್ಟ. ಕಾರು ಬಿದ್ದರೂ ತಡೆಯಲೆಂದು ಸ್ಟೆಪ್ನಿ ಚಕ್ರವನ್ನು ಅದರ ಬಾಗಿಲ ಕೆಳಗೆ ಅಡ್ಡಡ್ಡ ಮಲಗಿಸಿ, ಅದರ ಮೇಲೊಂದು ದಪ್ಪ ಹಲಗೆ ಇಟ್ಟ. ಬಳಿಕ ಹೆಗಲು ಕೊಟ್ಟು ತಳ್ಳಿದ. ಬಲಗಡೆಯಿಂದ, ಎಡಗಡೆಯಿಂದ, ಮುಂದಿನಿಂದ. ಕಾರು ಕಲ್ಲಿನಂತೆ ಕೂತಿತ್ತು.

"ಹೋಗ್ಲಾ?" ಎಂದು ಅತ್ತಿಗೆ ಕಾರಿನ ಪಕ್ಕದ ಚಾಪೆಯ ಮೇಲೆ ಅಂಗಾತ ಮಲಗಿದಳು.

"ತಾಳಿ."

ಮತ್ತೆ ತಳ್ಳಿದ. ಅಂಗೈ ಒದ್ದೆಯಾಗಿ ಬಣ್ಣದ ಮೇಲೆ ಜಾರಿತು. ಅಂಗಿಗೆ ಒರೆಸಿಕೊಂಡು ಇನ್ನೊಮ್ಮೆ ತಳ್ಳಿದ.

"ಪುಟ್ಟು, ಮಧ್ಯಾಹ್ನ ಆಯ್ತು. ಅದು ಬೀಳಲ್ಲ ಕಣೋ."

"ನಿಮಗೇನು ಗೊತ್ತು?" ಎಂದು ಅವನು ಕೂಗಿದ. ನಾಲ್ಕು ತಿಂಗಳಲ್ಲಿ ಅವನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. "ತಲೆ ಆ ಕಡೆ ಇಟ್ಕೊಳ್ಳಿ. ಇನ್ನೂ ಆ ಕಡೆ. ನಾನು ಹೇಳೋವರೆಗೂ ಒಂದಿಂಚು ಸರೀಬೇಡಿ."

ಅತ್ತಿಗೆ ತಲೆ ಸರಿಸಿದಳು. ಅವನು ಆರನೆಯ ಸಲ ತಳ್ಳಲು ಹಿಂಬದಿಗೆ ಹೋದ.